ಕ್ರಯೋನಿಕ್ಸ್ ಸಂಶೋಧಕರ ಕೆಲಸ: ತಣ್ಣಗಾಗಿಸುವುದಲ್ಲ, ಬೆಚ್ಚಗಾಗಿಸುವುದು ಕಷ್ಟ

ಪ್ರಶ್ನೆ: ಧಾರವಾಡದಲ್ಲಿ ಬಯೋಟೆಕ್ನಾಲಜಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಸತ್ತವರ ದೇಹವನ್ನು ದ್ರವ ಸಾರಜನಕದಲ್ಲಿಟ್ಟು ಮುಂದೊಂದು ದಿನ ಎಬ್ಬಿಸುವ ಆಸೆಯ ಕ್ರಯೋನಿಕ್ಸ್ ಬಗ್ಗೆ ಓದಿದಾಗಿನಿಂದ ಅದೇ ತಲೆಯಲ್ಲಿ ಕೂತಿದೆ. ಈ ಸಂಶೋಧಕರು ದಿನವೂ ಮಾಡುವ ಕೆಲಸವೇನು? ಅವರ ವೃತ್ತಿಜೀವನ ಹೇಗಿರುತ್ತದೆ? ಇಲ್ಲಿಂದ ಆ ದಾರಿ ಹಿಡಿಯಬಹುದೆ?

ಉತ್ತರ: ‘ಕ್ರಯೋನಿಕ್ಸ್ ಸಂಶೋಧಕರು ಬೇಕಾಗಿದ್ದಾರೆ’ ಎಂಬ ಜಾಹೀರಾತಿಗೆ ಕಾಯುತ್ತ ಕೂತರೆ ಕೂತೇ ಇರುತ್ತೀರಿ. ಆ ಹೆಸರಿನ ಕೆಲಸಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಆ ಕನಸು ಮನಸ್ಸಿನಲ್ಲಿದ್ದು ಗಟ್ಟಿ ಕೆಲಸ ಮಾಡಿದವರು ಹೊರಗೆ ತೂಗುಹಾಕಿದ ಬೋರ್ಡು ಬೇರೆ.

ಒಂದೇ ರಾಗದ ಮೂರು ಪದಗಳನ್ನು ಮೊದಲು ಬಿಡಿಸಿಕೊಳ್ಳಿ. ಕ್ರಯೋಜೆನಿಕ್ಸ್ ಎಂಜಿನಿಯರುಗಳದು: ಅನಿಲವನ್ನು ದ್ರವವಾಗಿಸುವುದು, ರಾಕೆಟ್ ಇಂಧನ, ಎಂಆರ್‌ಐ ಯಂತ್ರದ ಹೀಲಿಯಂ. ಕ್ರಯೋಬಯಾಲಜಿ ಜೀವವಿಜ್ಞಾನಿಗಳದು: ಕಡು ತಂಪಿನಲ್ಲಿ ವೀರ್ಯ, ಭ್ರೂಣ, ರಕ್ತ, ಅಂಗಾಂಗಗಳಿಗೆ ಏನಾಗುತ್ತದೆ ಎಂಬ ಅಧ್ಯಯನ. ಕ್ರಯೋನಿಕ್ಸ್ ಒಂದು ಪಣ. ಕಾನೂನಿನ ಲೆಕ್ಕದಲ್ಲಿ ತೀರಿಕೊಂಡವರನ್ನು ಕೆಡದಂತೆ ಇಟ್ಟರೆ ಮುಂದಿನ ವೈದ್ಯಶಾಸ್ತ್ರ ಏನಾದರೂ ಮಾಡೀತು ಎಂದು ಕಟ್ಟುವ ಪಣ. ಹಾಗೆ ಇಟ್ಟ ಒಬ್ಬರನ್ನೂ ಇದುವರೆಗೆ ಎಬ್ಬಿಸಿಲ್ಲ, ಎಬ್ಬಿಸುವ ವಿಧಾನವೂ ಯಾರ ಕೈಯಲ್ಲೂ ಇಲ್ಲ. ಸಂಶೋಧನೆ ನಡೆಯುತ್ತಿರುವುದು ಎರಡನೆಯದರಲ್ಲಿ. ಮೂರನೆಯದು ಅದರ ಫಲವನ್ನು ಎರವಲು ಪಡೆಯುತ್ತದೆ.

ಸಮಸ್ಯೆ ಎಲ್ಲಿದೆ ಎಂಬುದಕ್ಕೆ ಅಡುಗೆಮನೆಗೇ ಹೋಗಬಹುದು. ಫ್ರೀಜರಿನಲ್ಲಿಟ್ಟ ಟೊಮೆಟೊ ಹೊರಗೆ ತೆಗೆದ ಮೇಲೆ ಮೆತ್ತಗಾಗಿ ನೀರು ಬಿಡುತ್ತದೆ. ಅದನ್ನು ಕೆಡಿಸಿದ್ದು ಬರೀ ತಂಪಲ್ಲ, ಮಂಜುಗಡ್ಡೆಯ ಹರಳು. ನಿಧಾನವಾಗಿ ತಣ್ಣಗಾದಾಗ ಹರಳು ಮೊದಲು ಕೋಶಗಳ ಹೊರಗೆ ಕಟ್ಟುತ್ತದೆ. ಶುದ್ಧ ನೀರಷ್ಟೇ ಹರಳಾಗುವುದರಿಂದ ಉಳಿದ ದ್ರವದಲ್ಲಿ ಉಪ್ಪು ದಟ್ಟವಾಗಿ, ಅದು ಕೋಶದೊಳಗಿನ ನೀರನ್ನು ಹೀರಿ ಕೋಶವನ್ನು ಮುದುಡಿಸುತ್ತದೆ. ವೇಗವಾಗಿ ತಣ್ಣಗಾಗಿಸಿದರೆ ನೀರಿಗೆ ಹೊರಬರಲು ಸಮಯ ಸಿಗದೆ ಹರಳು ಒಳಗೇ ಕಟ್ಟುತ್ತದೆ, ಅದು ಇನ್ನೂ ಕೆಟ್ಟದ್ದು. ಅಮೆರಿಕದ ಕ್ರಯೋಬಯಾಲಜಿ ವಿಜ್ಞಾನಿ ಪೀಟರ್ ಮಝೂರ್ 1960 ಮತ್ತು 70ರ ದಶಕಗಳಲ್ಲಿ ಈ ಇಬ್ಬಗೆಯ ಹಾನಿಗೆ ಲೆಕ್ಕಾಚಾರದ ಚೌಕಟ್ಟು ಕೊಟ್ಟರು. ಬಿಡಿ ಕೋಶಗಳಿಗೆ ನಡುವಿನ ಒಂದು ಹದವಾದ ವೇಗ ಸಿಗುತ್ತದೆ. ಹತ್ತಾರು ಬಗೆಯ ಕೋಶಗಳೂ ರಕ್ತನಾಳಗಳೂ ಹೆಣೆದುಕೊಂಡ ಮೂತ್ರಪಿಂಡಕ್ಕೆ ಸಿಗುವುದಿಲ್ಲ.

ಹಾಗಾದರೆ ಹರಳೇ ಕಟ್ಟದಂತೆ ಮಾಡಿದರೆ? ಸಕ್ಕರೆಯ ದ್ರಾವಣವನ್ನು ನಿಧಾನವಾಗಿ ಬಿಟ್ಟರೆ ಕಲ್ಲುಸಕ್ಕರೆಯಾಗುತ್ತದೆ. ಅದನ್ನೇ ಗಟ್ಟಿ ಪಾಕ ಬರಿಸಿ ತಟ್ಟೆಗೆ ಸುರಿದು ಬೇಗ ಆರಿಸಿದರೆ ಪಾರದರ್ಶಕ ಬಿಲ್ಲೆ. ಎರಡೂ ಸಕ್ಕರೆಯೇ; ಮೊದಲನೆಯದು ಹರಳು, ಎರಡನೆಯದು ಗಾಜು. ಹರಳು ತಡೆಯುವ ರಾಸಾಯನಿಕಗಳನ್ನು ದಟ್ಟವಾಗಿ ಬೆರೆಸಿ ಅಂಗಾಂಗದ ನೀರನ್ನು ಹೀಗೆ ‘ಪಾಕ’ ಬರಿಸಿ ಗಾಜಾಗಿಸುವುದಕ್ಕೆ ವಿಟ್ರಿಫಿಕೇಶನ್ ಎನ್ನುತ್ತಾರೆ.

ಈ ವೃತ್ತಿ ಹೇಗಿರುತ್ತದೆ ಎಂದು ತಿಳಿಯಲು ಅಮೆರಿಕದ ವಿಜ್ಞಾನಿ ಗ್ರೆಗ್ ಫೇಹಿಯವರ ದಾರಿಯನ್ನು ನೋಡಿ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಜೀವಶಾಸ್ತ್ರದ ಪದವಿ, 1977ರಲ್ಲಿ ಜಾರ್ಜಿಯಾದ ಮೆಡಿಕಲ್ ಕಾಲೇಜಿನಿಂದ ಔಷಧಶಾಸ್ತ್ರ ಮತ್ತು ಕ್ರಯೋಬಯಾಲಜಿಯಲ್ಲಿ ಪಿಎಚ್.ಡಿ. ಆಮೇಲೆ ವರ್ಷಗಟ್ಟಲೆ ಅಮೆರಿಕನ್ ರೆಡ್ ಕ್ರಾಸ್‌ನ ಪ್ರಯೋಗಾಲಯ. ಅಲ್ಲಿ ಕೆಲಸದ ಹೆಸರು ಅಂಗಾಂಗ ಸಂರಕ್ಷಣೆ. ಇಡೀ ಅಂಗವನ್ನು ಗಾಜಾಗಿಸಿ ಉಳಿಸಬಹುದು ಎಂಬ ವಾದವನ್ನು ಅವರು ಮಂಡಿಸಿದ್ದು 1984ರಲ್ಲಿ. ಮರುವರ್ಷ ವಿಲಿಯಂ ರಾಲ್ ಜೊತೆ ಇಲಿಯ ಭ್ರೂಣಗಳನ್ನು ಮೈನಸ್ 196 ಡಿಗ್ರಿಯಲ್ಲಿ ಮಂಜಿಲ್ಲದೆ ಉಳಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಗುರಿಯಿಟ್ಟಿದ್ದು ಮೂತ್ರಪಿಂಡಕ್ಕೆ. ಆ ವಿದ್ಯೆ ಮೊದಲು ಕೈಗೂಡಿದ್ದು ಬಂಜೆತನ ಚಿಕಿತ್ಸೆಗೆ. ಇವತ್ತು ಬೆಂಗಳೂರು, ಹುಬ್ಬಳ್ಳಿಯ ಐವಿಎಫ್ ಕೇಂದ್ರಗಳಲ್ಲಿ ಭ್ರೂಣ ಇಡುವ ವಿಧಾನದ ಬೇರು ಆ 1985ರ ಲೇಖನದಲ್ಲಿದೆ.

ರೆಡ್ ಕ್ರಾಸ್ ಆದ ಮೇಲೆ ಅಮೆರಿಕದ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಸಂಸ್ಥೆ, ಅದಾದ ಮೇಲೆ ಕ್ಯಾಲಿಫೋರ್ನಿಯಾದ ಫಾಂಟಾನಾದಲ್ಲಿರುವ ‘ಟ್ವೆಂಟಿಫಸ್ಟ್ ಸೆಂಚುರಿ ಮೆಡಿಸಿನ್’ ಎಂಬ ಖಾಸಗಿ ಕಂಪನಿ. ಅಲ್ಲಿ ಜೊತೆಯಾದ ಬ್ರಯನ್ ವೌಕ್ ಓದಿನಿಂದ ವೈದ್ಯಕೀಯ ಭೌತಶಾಸ್ತ್ರಜ್ಞ. ಹರಳು ಹುಟ್ಟದಂತೆ ತಡೆಯುವ ಪಾಲಿಮರ್‌ಗಳ ಮೇಲೆ ಕೆಲಸ ಮಾಡಿದವರು. ಇಬ್ಬರ ವರ್ಷಗಳ ಶ್ರಮದಿಂದ ಬಂದದ್ದು ಎಂ22 ಎಂಬ ದ್ರಾವಣ. 2009ರಲ್ಲಿ ಒಂದು ಮೊಲದ ಮೂತ್ರಪಿಂಡವನ್ನು ಎಂ22 ತುಂಬಿ ಮೈನಸ್ 130 ಡಿಗ್ರಿಗಿಂತ ಕೆಳಗೆ ಗಾಜಾಗಿಸಿ, ಬೆಚ್ಚಗಾಗಿಸಿ, ಮರಳಿ ಕಸಿ ಮಾಡಿದ ವರದಿ ಪ್ರಕಟವಾಯಿತು. ಅದೊಂದೇ ಮೂತ್ರಪಿಂಡದ ಮೇಲೆ ಮೊಲ 48 ದಿನ ಬದುಕಿತ್ತು. ಆಮೇಲೆ ಪರೀಕ್ಷೆಗಾಗಿ ಅದನ್ನು ಕೊಲ್ಲಲಾಯಿತು. ಮೂತ್ರಪಿಂಡದ ಹೊರಪದರ ಚೆನ್ನಾಗಿತ್ತು, ಒಳತಿರುಳಿಗೆ ದ್ರಾವಣ ಸಾಕಷ್ಟು ಇಳಿಯದೆ ಅಲ್ಲಿ ಮಂಜು ಕಟ್ಟಿತ್ತು. 1984ರಿಂದ 2009: ಇಪ್ಪತ್ತೈದು ವರ್ಷ, ಒಂದು ಮೊಲ. ಈ ಲೆಕ್ಕ ಕೇಳಿ ಎದೆಗುಂದದಿದ್ದರೆ ಮುಂದೆ ಓದಿ.

ದಿನದ ಕೆಲಸ ಹೇಗಿರುತ್ತದೆ ಎಂಬುದಕ್ಕೆ ವಿಎಸ್55 ಎಂಬ ಹಳೆಯ ದ್ರಾವಣವನ್ನು ತಯಾರಿಸುವುದನ್ನೇ ನೋಡೋಣ. ಲೀಟರಿಗೆ 3.1 ಮೋಲ್ ಡಿಎಂಎಸ್‌ಒ (ಡೈಮಿಥೈಲ್ ಸಲ್ಫಾಕ್ಸೈಡ್), 3.1 ಮೋಲ್ ಫಾರ್ಮಮೈಡ್, 2.2 ಮೋಲ್ ಪ್ರೊಪಿಲೀನ್ ಗ್ಲೈಕಾಲ್. ತೂಕಕ್ಕೆ ಇಳಿಸಿದರೆ 242, 140, 167 ಗ್ರಾಂ, ಒಟ್ಟು 549. ಹೆಸರಿನ 55 ಬಂದದ್ದು ಹೀಗೆ: 100 ಮಿ.ಲೀ.ಗೆ 55 ಗ್ರಾಂ. ಹೊಸಬರು ತಪ್ಪುವುದು ಇಲ್ಲೇ. ಮೂರನ್ನೂ ಅಳೆದು ಅದಕ್ಕೆ ಒಂದು ಲೀಟರ್ ನೀರು ಸುರಿಯುತ್ತಾರೆ. ಹಾಗಲ್ಲ, ಸ್ವಲ್ಪ ಬಫರ್‌ನಲ್ಲಿ ಬೆರೆಸಿ, ಫ್ಲಾಸ್ಕಿನ ಗೆರೆಯವರೆಗೆ ತುಂಬಿಸಿ ಒಟ್ಟು ಒಂದು ಲೀಟರ್ ಮಾಡಬೇಕು. ಡಿಎಂಎಸ್‌ಒ ಸುಮಾರು 18.5 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಎಸಿ ಕೋಣೆಯಲ್ಲಿಟ್ಟ ಬಾಟಲಿ ಬೆಳಿಗ್ಗೆ ಹೆಪ್ಪುಗಟ್ಟಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ ಅಳೆಯಿರಿ. ನೀರಿಗೆ ಬಿದ್ದಾಗ ಅದು ಶಾಖ ಬಿಡುತ್ತದೆ. ಫ್ಲಾಸ್ಕನ್ನು ಐಸ್‌ನಲ್ಲಿಟ್ಟು ನಿಧಾನವಾಗಿ ಸೇರಿಸಿ, ದ್ರಾವಣ ಕೋಣೆಯ ತಾಪಕ್ಕೆ ಬಂದ ಮೇಲೆ ಗೆರೆ ಮುಟ್ಟಿಸಿ. ಪ್ರೊಪಿಲೀನ್ ಗ್ಲೈಕಾಲ್ ಜೇನಿನಂತೆ ಪಿಪೆಟ್ ಗೋಡೆಗೆ ಅಂಟುವುದರಿಂದ ಅದನ್ನು ತೂಗುವುದೇ ಸರಿ. ಫಾರ್ಮಮೈಡ್ ಗರ್ಭಕ್ಕೆ ಅಪಾಯಕಾರಿ. ಫ್ಯೂಮ್ ಹುಡ್ ಮತ್ತು ಗ್ಲೌಸ್ ಕಡ್ಡಾಯ. ಡಿಎಂಎಸ್‌ಒ ತಾನಾಗಿಯೇ ಚರ್ಮದೊಳಗೆ ಇಳಿಯುತ್ತದೆ, ಇಳಿಯುವಾಗ ಬೇರೆ ವಿಷವನ್ನೂ ಕರೆದೊಯ್ಯಬಲ್ಲದು.

ಇಷ್ಟು ದಟ್ಟ ದ್ರಾವಣವನ್ನು ಒಮ್ಮೆಗೇ ಸುರಿದರೆ ಕೋಶ ಮುದುಡಿ ಸಾಯುತ್ತದೆ. ಐಸಿನಷ್ಟು ತಂಪಿನಲ್ಲಿ ಹಂತಹಂತವಾಗಿ ಏರಿಸಬೇಕು; ರಕ್ತನಾಳದಂಥ ಅಂಗಾಂಶಕ್ಕೆ ಒಂದೊಂದು ಹಂತಕ್ಕೂ ಸುಮಾರು 15 ನಿಮಿಷ. ತೆಗೆಯುವಾಗಲೂ ಹಂತಹಂತವಾಗಿಯೇ, ಆದರೆ ಹೊರಗಿನ ದ್ರವದಲ್ಲಿ ಮ್ಯಾನಿಟಾಲ್ ಅಥವಾ ಸುಕ್ರೋಸ್ ಇರಬೇಕು. ಇಲ್ಲದಿದ್ದರೆ ನೀರು ನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಎಂ22ರಲ್ಲಿ ಇನ್ನೊಂದು ಉಪಾಯವಿದೆ. ತಾಪ ಇಳಿದಂತೆ ವಿಷಗುಣವೂ ಇಳಿಯುತ್ತದೆ, ಆದ್ದರಿಂದ ಕೊನೆಯ ಅತಿ ದಟ್ಟ ಹಂತವನ್ನು ಮೈನಸ್ 22 ಡಿಗ್ರಿಯಲ್ಲಿ ಹಾಯಿಸುತ್ತಾರೆ. ಹೆಸರಿನಲ್ಲಿ 22 ಇರುವುದು ಅದಕ್ಕೇ.

ಈಗ ಶೀರ್ಷಿಕೆಯ ಮಾತು. ಹರಳು ಕಟ್ಟುವುದರಲ್ಲಿ ಎರಡು ಘಟ್ಟ: ಬೀಜ ಹುಟ್ಟುವುದು, ಬೀಜ ಬೆಳೆಯುವುದು. ಬೀಜ ಹುಟ್ಟಲು ಅನುಕೂಲ ಗಾಜಿನ ಹಂತಕ್ಕೆ ಹತ್ತಿರದ ಕಡು ತಂಪಿನಲ್ಲಿ. ಬೆಳೆಯಲು ಅನುಕೂಲ ಅದಕ್ಕಿಂತ ಬೆಚ್ಚಗಿನ ವಲಯದಲ್ಲಿ. ತಣ್ಣಗಾಗಿಸುವಾಗ ಬೆಳೆಯುವ ವಲಯ ಮೊದಲು ಬರುತ್ತದೆ, ಆಗ ಬೀಜವೇ ಇರುವುದಿಲ್ಲ. ಬೀಜ ಹುಟ್ಟುವ ಹೊತ್ತಿಗೆ ದ್ರವ ಅಂಟಾಗಿ ಬೆಳವಣಿಗೆ ನಿಂತಿರುತ್ತದೆ. ಬೆಚ್ಚಗಾಗಿಸುವಾಗ ಉಲ್ಟಾ: ಕೋಟ್ಯಂತರ ಬೀಜಗಳನ್ನು ಹೊತ್ತು ನೇರ ಬೆಳೆಯುವ ವಲಯಕ್ಕೆ ಬರುತ್ತೀರಿ. ವಿಎಸ್55ನ್ನು ನಿಮಿಷಕ್ಕೆ ಸುಮಾರು 2.5 ಡಿಗ್ರಿಯಂತೆ ತಣ್ಣಗಾಗಿಸಿದರೂ ಗಾಜಾಗುತ್ತದೆ. ಮರಳಿ ತರಲು ನಿಮಿಷಕ್ಕೆ ಸುಮಾರು 50 ಡಿಗ್ರಿ ಬೇಕು. ಎಂ22ಕ್ಕೆ ಈ ಅಂಕಿಗಳು 0.1 ಮತ್ತು 0.4ರ ಆಸುಪಾಸು. ಇಷ್ಟು ಉದಾರವಾದ ದ್ರಾವಣಕ್ಕೆ ತೆರುವ ಬೆಲೆ ಹೆಚ್ಚಿನ ದಟ್ಟಣೆ, ಅದರ ಜೊತೆಗೇ ಬರುವ ವಿಷ.

ಅಂಗ ದೊಡ್ಡದಾದಷ್ಟೂ ತಾಪತ್ರಯ. ಹೊರಗಿನಿಂದ ಬಿಸಿ ಕೊಟ್ಟರೆ ಹೊರಮೈ ಮುಂದೆ, ಒಳಗು ಹಿಂದೆ. ಆ ಅಂತರದಿಂದ ಗಾಜು ಬಿರಿಯುತ್ತದೆ, ಬಿಸಿ ಲೋಟಕ್ಕೆ ತಣ್ಣೀರು ಸುರಿದಂತೆ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನ್ ಬಿಷಫ್ ಮತ್ತು ಎರಿಕ್ ಫಿಂಗರ್ ತಂಡ ಇದಕ್ಕೆ ಕಂಡುಕೊಂಡ ದಾರಿ ನ್ಯಾನೋವಾರ್ಮಿಂಗ್: ದ್ರಾವಣದ ಜೊತೆ ಸಿಲಿಕಾ ಲೇಪಿಸಿದ ಐರನ್ ಆಕ್ಸೈಡ್ ನ್ಯಾನೋಕಣಗಳನ್ನು ರಕ್ತನಾಳಗಳಲ್ಲಿ ಹರಿಸಿಡುವುದು, ತೆಗೆಯುವಾಗ ರೇಡಿಯೋ ತರಂಗದ ಸುರುಳಿಯೊಳಗಿಟ್ಟು ಕಣಗಳನ್ನೇ ಕಾಯಿಸುವುದು. ಆಗ ಬಿಸಿ ಎಲ್ಲ ಕಡೆಯಿಂದ ಒಟ್ಟಿಗೆ ಏಳುತ್ತದೆ. 2023ರಲ್ಲಿ ಅವರು 100 ದಿನಗಳವರೆಗೆ ಇಟ್ಟಿದ್ದ ಇಲಿಯ ಮೂತ್ರಪಿಂಡಗಳನ್ನು ಹೀಗೆ ಮರಳಿ ತಂದು ಕಸಿ ಮಾಡಿದರು. ಕಸಿ ಪಡೆದ ಐದು ಇಲಿಗಳು 30 ದಿನಗಳ ಪ್ರಯೋಗವಿಡೀ ಅದರ ಮೇಲೇ ಬದುಕಿದವು. ನೀವು ಪಿಎಚ್.ಡಿ.ಗೆ ಅರ್ಜಿ ಹಾಕಬೇಕಾದದ್ದು ಇಂಥ ಗುಂಪುಗಳಿಗೆ. ಅಲ್ಲಿ ಜೀವಶಾಸ್ತ್ರದವರಷ್ಟೇ ಮೆಕ್ಯಾನಿಕಲ್ ಎಂಜಿನಿಯರುಗಳೂ ಇದ್ದಾರೆ. ಶಾಖ ಹರಿಯುವ ಸಮೀಕರಣ ಗೊತ್ತಿಲ್ಲದ ಬಯಾಲಜಿ ಪದವೀಧರರಿಗಿಂತ ಅದು ಗೊತ್ತಿರುವವರಿಗೆ ಬೆಲೆ ಹೆಚ್ಚು.

ಇನ್ನು ಕ್ರಯೋನಿಕ್ಸ್ ಸಂಸ್ಥೆಗಳೊಳಗಿನ ಕೆಲಸ. ಈ ಕಲ್ಪನೆಯನ್ನು 1960ರ ದಶಕದಲ್ಲಿ ಜನಪ್ರಿಯಗೊಳಿಸಿದ್ದು ಮಿಷಿಗನ್‌ನ ಭೌತಶಾಸ್ತ್ರ ಮೇಷ್ಟ್ರು ರಾಬರ್ಟ್ ಎಟ್ಟಿಂಗರ್. 1967ರ ಜನವರಿ 12ರಂದು ಕ್ಯಾಲಿಫೋರ್ನಿಯಾದ ಜೇಮ್ಸ್ ಬೆಡ್‌ಫರ್ಡ್ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರನ್ನು ಮೊದಲ ಬಾರಿಗೆ ಹೀಗೆ ಇಡಲಾಯಿತು; ಅವರ ದೇಹ ಇಂದಿಗೂ ಹಾಗೇ ಇದೆ. ಇವತ್ತಿನ ಹೆಸರಾಂತ ಸಂಸ್ಥೆಗಳು 1972ರಲ್ಲಿ ಶುರುವಾಗಿ ಈಗ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿರುವ ಆಲ್ಕೋರ್, ಮತ್ತು ಎಟ್ಟಿಂಗರ್ 1976ರಲ್ಲಿ ಕಟ್ಟಿದ ಕ್ರಯೋನಿಕ್ಸ್ ಇನ್‌ಸ್ಟಿಟ್ಯೂಟ್. ಆಲ್ಕೋರ್ ತಂಡದ ಕೆಲಸ ಸಂಶೋಧನೆಗಿಂತ ತುರ್ತುಚಿಕಿತ್ಸೆಗೆ ಹತ್ತಿರ. ಸದಸ್ಯರ ಹಾಸಿಗೆ ಬಳಿ ದಿನಗಟ್ಟಲೆ ಕಾಯುವುದು, ವೈದ್ಯರು ಮರಣ ಘೋಷಿಸಿದ ಕೂಡಲೇ ಐಸ್ ನೀರಿನ ತೊಟ್ಟಿಗೆ ಇಳಿಸಿ ಯಂತ್ರದಿಂದ ಎದೆ ಒತ್ತುತ್ತ ರಕ್ತ ಹರಿಸುವುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಮೊದಲಾದ ಔಷಧ, ರಕ್ತ ತೆಗೆದು ಅಂಗ ಸಂರಕ್ಷಣಾ ದ್ರವ ತುಂಬುವುದು, ಆಮೇಲೆ ಎಂ22. ತಲೆಬುರುಡೆಯಲ್ಲಿ ಕೊರೆದ ಚಿಕ್ಕ ರಂಧ್ರದಿಂದ ಮಿದುಳನ್ನು ನೋಡುತ್ತಿರುತ್ತಾರೆ. ಹೊರಬರುವ ದ್ರವವನ್ನು ರಿಫ್ರಾಕ್ಟೋಮೀಟರಿನಲ್ಲಿ ಅಳೆದು ದಟ್ಟಣೆ ಗುರಿ ಮುಟ್ಟಿತೇ ಎಂದು ತಿಳಿಯುತ್ತಾರೆ. ಹೊತ್ತಾಗಿ ರಕ್ತ ಹೆಪ್ಪುಗಟ್ಟಿದ್ದರೆ ದ್ರಾವಣ ನಾಳಗಳಲ್ಲಿ ಹರಿಯುವುದೇ ಇಲ್ಲ, ಅಲ್ಲಿ ಮಂಜು ಕಟ್ಟುತ್ತದೆ. ಎಲ್ಲ ಸರಿಹೋದರೂ ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದ್ರಾವಣ ಸಲೀಸಾಗಿ ದಾಟದೆ ಮಿದುಳು ನೀರು ಬಿಟ್ಟು ಕುಗ್ಗುತ್ತದೆ. ಗಾಜಾಗುವ ತಾಪ ಮೈನಸ್ 123 ಡಿಗ್ರಿಯ ಸುತ್ತ. ಅಲ್ಲಿಂದ ಮೈನಸ್ 196ಕ್ಕೆ ದಿನಗಟ್ಟಲೆ ನಿಧಾನವಾಗಿ ಇಳಿಸಿದರೂ ಬಿರುಕು ಪೂರ್ತಿ ತಪ್ಪುವುದಿಲ್ಲ.

ದೊಡ್ಡ ಥರ್ಮಾಸ್‌ನಂಥ ಉಕ್ಕಿನ ಡ್ಯೂವರ್‌ಗಳಲ್ಲಿ ದೇಹಗಳನ್ನು ತಲೆಕೆಳಗಾಗಿ ನಿಲ್ಲಿಸಿರುತ್ತಾರೆ, ಸಾರಜನಕ ಕಡಿಮೆಯಾದರೂ ತಲೆ ಕೊನೆಗೆ ಬೆಚ್ಚಗಾಗಲಿ ಎಂದು. ಇದಕ್ಕೆ ವಿದ್ಯುತ್ ಬೇಡ, ಆವಿಯಾದಷ್ಟು ದ್ರವ ತುಂಬುತ್ತಿದ್ದರೆ ಸಾಕು. ಆದರೆ ಆ ‘ತುಂಬುತ್ತಿದ್ದರೆ’ ಎಂಬುದೇ ದೊಡ್ಡ ಮಾತು. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಸ್ಮಶಾನದ ನೆಲಮಾಳಿಗೆಯಲ್ಲಿ ಇಟ್ಟಿದ್ದ ಒಂಬತ್ತು ದೇಹಗಳು 1970ರ ದಶಕದಲ್ಲಿ ಹಣವಿಲ್ಲದೆ ಸಾರಜನಕ ತುಂಬದೆ ಕರಗಿಹೋದವು, ವಿಷಯ ಕೋರ್ಟಿಗೆ ಹೋಯಿತು. ಸಾಮಾನ್ಯವಾಗಿ ಜೀವವಿಮೆಯ ಮೂಲಕ ಹಣವನ್ನು ಮೊದಲೇ ಪಡೆದು ನಿಧಿಯಾಗಿಡುವ ಪದ್ಧತಿಯ ಹಿಂದೆ ಆ ಪಾಠವಿದೆ.

ಕಳಂಕದ ಮಾತನ್ನೂ ಹೇಳಬೇಕು. 1982ರಲ್ಲಿ ಕ್ರಯೋಬಯಾಲಜಿ ವಿಜ್ಞಾನಿಗಳ ಸಂಘವಾದ ಸೊಸೈಟಿ ಫಾರ್ ಕ್ರಯೋಬಯಾಲಜಿ ತನ್ನ ಬೈಲಾಗೆ ಒಂದು ನಿಯಮ ಸೇರಿಸಿತು: ಮತ್ತೆ ಬದುಕಿಸುವ ನಿರೀಕ್ಷೆಯಲ್ಲಿ ಸತ್ತವರನ್ನು ಹೆಪ್ಪುಗಟ್ಟಿಸುವ ಕೆಲಸದಲ್ಲಿ ತೊಡಗಿದವರಿಗೆ ಸದಸ್ಯತ್ವ ನಿರಾಕರಿಸಬಹುದು, ಇದ್ದವರನ್ನು ಹೊರಹಾಕಬಹುದು. ಅದೇ ಸೊಸೈಟಿ 2014ರಲ್ಲಿ ಫೇಹಿಯವರಿಗೆ ಫೆಲೋ ಗೌರವ ಕೊಟ್ಟಿದ್ದು ಅಂಗಾಂಗ ಸಂರಕ್ಷಣೆಯ ಕೆಲಸದ ಬಲದ ಮೇಲೆ. ನಮ್ಮ ಸಲಹೆಯೂ ಅದೇ ಜಾಡಿನದು: ನಿಮ್ಮ ಪ್ರತಿ ಲೇಖನವೂ ‘ಕ್ರಯೋನಿಕ್ಸ್’ ಪದ ಇಲ್ಲದೆಯೇ ನಿಲ್ಲುವಂತಿರಲಿ. ಆಸಕ್ತಿಯನ್ನು ಮುಚ್ಚಿಡಿ ಎಂದಲ್ಲ; ಮಾರ್ಗದರ್ಶಕರು ಕೇಳಿದರೆ ನೇರವಾಗಿ ಹೇಳಿ. ಆದರೆ ಅರ್ಜಿಯ ಮೊದಲ ಸಾಲಿನಲ್ಲಿ ಅಮರತ್ವ ಬೇಡ. ಫೇಹಿಯವರೂ ಒಂದೇ ಕಾಲಿನ ಮೇಲೆ ನಿಂತವರಲ್ಲ. 2019ರಲ್ಲಿ ಥೈಮಸ್ ಗ್ರಂಥಿಯ ಪುನಶ್ಚೇತನದ ಚಿಕ್ಕ ಮಾನವ ಪ್ರಯೋಗವೊಂದರಿಂದಲೂ ಸುದ್ದಿಯಾದರು.

ಭಾರತದಲ್ಲಿ ದೇಹ ಇಡುವ ಕೇಂದ್ರವಿಲ್ಲ. ಆದರೆ ಕ್ರಯೋಬಯಾಲಜಿ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲೇ ಇದೆ. 1949ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್, ಆಲನ್ ಪಾರ್ಕ್ಸ್ ಗ್ಲಿಸರಾಲ್ ವೀರ್ಯವನ್ನು ಕಾಪಾಡುತ್ತದೆ ಎಂದು ಕಂಡುಕೊಂಡದ್ದೇ ಕೃತಕ ಗರ್ಭಧಾರಣೆಯ ಸೆಮೆನ್ ಸ್ಟ್ರಾ (ವೀರ್ಯ ತುಂಬಿದ ಸಣ್ಣ ಕೊಳವೆ) ಆಗಿ ಹಳ್ಳಿಗೆ ಬಂದಿದೆ. 0.25 ಮಿ.ಲೀ. ಸ್ಟ್ರಾವನ್ನು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಕರಗಿಸುತ್ತಾರೆ. ಹೋರಿಯ ನಂಬರ್ ಹುಡುಕುತ್ತ ಸ್ಟ್ರಾಗಳ ಡಬ್ಬಿಯನ್ನು ದ್ರವ ಸಾರಜನಕದ ಕ್ಯಾನಿನ ಕುತ್ತಿಗೆಗಿಂತ ಮೇಲಕ್ಕೆ ಎತ್ತಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಸ್ಟ್ರಾ ಬೆಚ್ಚಗಾಗಿ ಸಣ್ಣ ಹರಳುಗಳು ಕೂಡಿ ದೊಡ್ಡವಾಗುತ್ತವೆ. ಮತ್ತೆ ಅದ್ದಿದರೂ ಆದ ಹಾನಿ ಹೋಗದು. ಹಸು ಗಬ್ಬ ಕಟ್ಟದ್ದಕ್ಕೆ ಹೋರಿಯನ್ನು ಬೈಯುವ ಮುನ್ನ ಇದನ್ನು ನೋಡಬೇಕು.

ತರಬೇತಿಗೆ ಹೆಸರಘಟ್ಟದಲ್ಲೇ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಇದೆ. ಪಕ್ಕದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಪರಾಗವನ್ನು ದ್ರವ ಸಾರಜನಕದಲ್ಲಿಡುವ ಕೆಲಸಕ್ಕೆ ಹೆಸರಾದದ್ದು. ವನ್ಯಜೀವಿಗಳ ವೀರ್ಯ ಮತ್ತು ಕೋಶಗಳಿಗೆ ಹೈದರಾಬಾದಿನ ಸಿಸಿಎಂಬಿಯ ಲಾಕೋನ್ಸ್ ಪ್ರಯೋಗಾಲಯ, ಸಸ್ಯಗಳಿಗೆ ಸಸ್ಯ ತಳಿ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆಯಾದ ದೆಹಲಿಯ ಎನ್‌ಬಿಪಿಜಿಆರ್. ಕೈ ಪಳಗಲು ಎಲ್ಲಕ್ಕಿಂತ ಒಳ್ಳೆಯದು ಐವಿಎಫ್ ಕೇಂದ್ರದ ಎಂಬ್ರಿಯಾಲಜಿ ಲ್ಯಾಬ್. ಅಲ್ಲಿ ಶೇ. 15 ಎಥಿಲೀನ್ ಗ್ಲೈಕಾಲ್, ಶೇ. 15 ಡಿಎಂಎಸ್‌ಒ, 0.5 ಮೋಲಾರ್ ಸುಕ್ರೋಸ್ ಇರುವ ದ್ರಾವಣದಲ್ಲಿ ಭ್ರೂಣ ಇರಬಹುದಾದ ಅವಧಿ 60ರಿಂದ 90 ಸೆಕೆಂಡು. ಅಷ್ಟರೊಳಗೆ ಅದನ್ನು ತೆಳು ಪ್ಲಾಸ್ಟಿಕ್ ಪಟ್ಟಿಯ ತುದಿಗಿಟ್ಟು, ಸುತ್ತಲಿನ ದ್ರವವನ್ನು 0.1 ಮೈಕ್ರೋಲೀಟರಿಗಿಂತ ಕಡಿಮೆಗೆ ಹೀರಿ, ಸಾರಜನಕಕ್ಕೆ ಅದ್ದಬೇಕು. ದ್ರವ ಹೆಚ್ಚು ಉಳಿದರೆ ತಣ್ಣಗಾಗುವ ವೇಗ ಬಿದ್ದುಹೋಗುತ್ತದೆ, ಹೊತ್ತು ಹೆಚ್ಚಾದರೆ ವಿಷ ತಾಗುತ್ತದೆ.

ಅದಕ್ಕೂ ಮೊದಲು, ಇದೇ ತಿಂಗಳು ನಿಮ್ಮ ವಿಭಾಗದಲ್ಲೇ ಮಾಡಬಹುದಾದ ಪ್ರಯೋಗವೊಂದಿದೆ. ಗ್ಲಿಸರಾಲ್‌ನ ಶೇ. 30, 40, 50, 60, 70ರ ದ್ರಾವಣ ಮಾಡಿ, ಪ್ಲಾಸ್ಟಿಕ್ ಟ್ಯೂಬುಗಳಿಗೆ 2 ಮಿ.ಲೀ.ನಂತೆ ಹಾಕಿ, ಮುಚ್ಚಳ ಸಡಿಲವಾಗಿಟ್ಟು, ಥರ್ಮೊಕೋಲ್ ಡಬ್ಬಿಯಲ್ಲಿನ ದ್ರವ ಸಾರಜನಕದ ಆವಿಯಲ್ಲಿ ತೂಗುಹಾಕಿ. ಕನ್ನಡಕ, ಕ್ರಯೋ ಗ್ಲೌಸ್ ಇರಲಿ, ಕಿಟಕಿಗಳು ತೆರೆದಿರಲಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಸದ್ದಿಲ್ಲದೆ ತಳ್ಳಿಬಿಡುತ್ತದೆ. ಕಡಿಮೆ ದಟ್ಟಣೆಯವು ಸುಣ್ಣದಂತೆ ಬೆಳ್ಳಗಾಗುತ್ತವೆ, 70ರದ್ದು ಪಾರದರ್ಶಕವಾಗಿಯೇ ಉಳಿಯುತ್ತದೆ. ಒಂದನ್ನು ಆವಿಯಿಂದ ನೇರ ದ್ರವಕ್ಕೆ ಅದ್ದಿದರೆ ‘ಟಕ್’ ಎಂದು ಬಿರಿದ ಸದ್ದು ಕೇಳಿಸಬಹುದು. ಆಮೇಲೆ ಪಾರದರ್ಶಕವಾಗಿ ಉಳಿದವನ್ನು ಕೋಣೆಯ ಗಾಳಿಗೆ ತೆಗೆದು ಕಣ್ಣು ಮಿಟುಕಿಸದೆ ನೋಡಿ: ತಣ್ಣಗಾಗುವಾಗ ತಿಳಿಯಾಗಿದ್ದ ನಡುವಿನ ದಟ್ಟಣೆಯ ಟ್ಯೂಬು ಬೆಚ್ಚಗಾಗುತ್ತ ಅಂಚಿನಿಂದ ಹಾಲಿನಂತೆ ಬೆಳ್ಳಗಾಗಿ, ಆಮೇಲೆ ಕರಗುತ್ತದೆ. ಯಾವ ದಟ್ಟಣೆಯಲ್ಲಿ, ಎಷ್ಟು ಸೆಕೆಂಡಿಗೆ ಅದು ಬೆಳ್ಳಗಾಯಿತು ಎಂದು ಬರೆದುಕೊಳ್ಳಿ. ಅದೇ ಟ್ಯೂಬನ್ನು ಮತ್ತೊಮ್ಮೆ ತಣ್ಣಗಾಗಿಸಿ ಈ ಬಾರಿ 37 ಡಿಗ್ರಿ ನೀರಿಗೆ ಅದ್ದಿ ತೆಗೆದು ಎರಡೂ ಅಂಕಿಗಳನ್ನು ಹೋಲಿಸಿ. ಮಿನೆಸೋಟದ ತಂಡಕ್ಕೆ ಬರೆಯುವ ಪತ್ರದಲ್ಲಿ ಲಗತ್ತಿಸಲು ಆ ಒಂದು ಪುಟದ ಕೋಷ್ಟಕ ಸಾಕು.